ಕಿಸೆಯ ಕ್ಯಾಮರಾ: ಯಾವ ಅಳತೆಯನ್ನು ನಂಬಬೇಕು?

ಅಕ್ಕಿಯನ್ನು ಕೊಳ್ಳುವವರು ತೂಕವನ್ನು ನೋಡುತ್ತಾರೆ. ಬಟ್ಟೆಯನ್ನು ಕೊಳ್ಳುವವರು ಉದ್ದಗಲಗಳನ್ನು ನೋಡುತ್ತಾರೆ. ಕ್ಯಾಮರಾವನ್ನು ಕೊಳ್ಳುವವರು ಯಾವುದನ್ನು ನೋಡಬೇಕು? ಅಂಗಡಿಗಳಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ‘ಮೆಗಾಪಿಕ್ಸೆಲ್’. ಇನ್ನೂ ಸ್ವಲ್ಪ ತಿಳಿದವರಾದರೆ ‘ಒಂದು ಅಂಗುಲದ ಸೆನ್ಸರ್’ ಎಂಬ ಮಾತನ್ನೂ ಸೇರಿಸುತ್ತಾರೆ. ಇವುಗಳಲ್ಲಿ ಮೊದಲನೆಯ ಅಳತೆ ಅಪೂರ್ಣವಾದದ್ದು. ಎರಡನೆಯದು ಹೆಸರಿನಲ್ಲಿಯೇ ತಪ್ಪಾದದ್ದು. ಮುಖ್ಯವಾಗಿ ನೋಡಬೇಕಾದ ಅಳತೆ ಬೇರೊಂದಿದೆ. ಅದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಕಾಣುವುದಿಲ್ಲ. ಮಸೂರದ ಸುತ್ತಲಿನ ಬಳೆಯ ಮೇಲೆ ಸಣ್ಣ ಅಂಕಿಗಳಲ್ಲಿ ಅಡಗಿರುತ್ತದೆ. ಅದನ್ನು ಓದುವ ಬಗೆಯನ್ನು ತಿಳಿಸಿ, ತಯಾರಕರು ಅದನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಬೇಕೆಂದು ವಾದಿಸುವುದು ಈ ಲೇಖನದ ಉದ್ದೇಶ.

ಒಂದು ತಪ್ಪು ಶಿಫಾರಸು

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ಒಂದು ಸಣ್ಣ ಕ್ಯಾಮರಾ ಬೇಕಾಯಿತು. ಮೀಟರ್ ಕೋಲಿನ ಪಕ್ಕದಲ್ಲಿ ಗುಂಡೊಂದನ್ನು ಬೀಳಬಿಟ್ಟು, ಅದರ ಚಿತ್ರಗಳನ್ನು ತೆಗೆದು, ಗುಂಡಿನ ಸ್ಥಾನವನ್ನು ಚಿತ್ರದಿಂದಲೇ ಓದಿಸಬೇಕೆಂಬುದು ನಮ್ಮ ಯೋಜನೆ. ಅರ್ಧ ಮೀಟರಿನಷ್ಟು ಬಿದ್ದ ಗುಂಡಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಆದುದರಿಂದ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಮಾತ್ರ ಕ್ಯಾಮರಾದ ಕಣ್ಣು ತೆರೆದಿದ್ದರೂ ಆ ವೇಳೆಯಲ್ಲಿ ಗುಂಡು 3 ಮಿಲಿಮೀಟರ್ ಸರಿದಿರುತ್ತದೆ. ಇದಕ್ಕಿಂತ ಹೆಚ್ಚು ಕಾಲ ತೆರೆದಿಟ್ಟರೆ ಓದುವಿಕೆ ಕೆಡುತ್ತದೆ. ಪ್ರಯೋಗಾಲಯದ ದೀಪಗಳ ಬೆಳಕಿನಲ್ಲಿ ಅಷ್ಟು ಅಲ್ಪಕಾಲದಲ್ಲಿ ಒಳಕ್ಕೆ ಬರುವ ಬೆಳಕು ಎಷ್ಟು ಎಂಬುದನ್ನು ನಾನು ಮೊದಲೇ ಲೆಕ್ಕ ಹಾಕಬೇಕಾಗಿತ್ತು. ಹಾಕಲಿಲ್ಲ. ಮೂರು ದರಪಟ್ಟಿಗಳು ಬಂದವು. 20 ಮೆಗಾಪಿಕ್ಸೆಲ್ ಎಂದು ಬರೆದಿದ್ದ, ಬೆಲೆಯೂ ಕಡಮೆಯಿದ್ದ ಕ್ಯಾಮರಾವನ್ನು ಕೊಳ್ಳಬಹುದೆಂದು ನಾನೇ ಶಿಫಾರಸು ಬರೆದೆ.

ಚಿತ್ರಗಳು ಬಂದವು. ಅವುಗಳ ಮೇಲೆಲ್ಲ ಮರಳನ್ನು ಎರಚಿದಂತಿತ್ತು. ಕೋಲಿನ ಮೇಲಿನ ಸೆಂಟಿಮೀಟರ್ ಗೆರೆಗಳನ್ನೇ ಗುರುತಿಸಲಾಗುತ್ತಿರಲಿಲ್ಲ. ಮುಂದಿನ ವಾರ ವಿದ್ಯಾರ್ಥಿನಿಯೊಬ್ಬಳು ತನ್ನ ಸೋದರಮಾವನ ಹಳೆಯ ಕ್ಯಾಮರಾವನ್ನು ತಂದಳು. ಅದು 2008ರಲ್ಲಿ ಬಂದ ಪ್ಯಾನಸೋನಿಕ್ ಎಲ್‌ಎಕ್ಸ್3. ಕೇವಲ 10 ಮೆಗಾಪಿಕ್ಸೆಲಿನದು. “ಸಾರ್, ಇದರಲ್ಲಿ ಪಿಕ್ಸೆಲ್ ಅರ್ಧವೇ ಇದೆ, ಆದರೆ ಗೆರೆ ಎಣಿಸಬಹುದು” ಎಂದು ಅವಳು ಚಿತ್ರವನ್ನು ತೋರಿಸಿದಳು. ಅವಳ ಮಾತು ನಿಜವಾಗಿತ್ತು. ಹೊಸದು ಏಕೆ ಸೋತಿತು, ಹಳೆಯದು ಏಕೆ ಗೆದ್ದಿತು ಎಂಬುದನ್ನು ತರಗತಿಯಲ್ಲಿ ವಿವರಿಸುವ ಹೊಣೆ ನನ್ನ ಮೇಲೆ ಬಿದ್ದಿತು.

ಬೆಳಕಿನ ಎಣಿಕೆ

ಡಿಜಿಟಲ್ ಕ್ಯಾಮರಾ ಎಂದರೆ ಬೆಳಕನ್ನು ಎಣಿಸುವ ಯಂತ್ರ. ಬೆಳಕು ಫೋಟಾನುಗಳೆಂಬ ಬಿಡಿಬಿಡಿ ಕಣಗಳಾಗಿ ಬಂದು ಲೋಹದಿಂದ ಇಲೆಕ್ಟ್ರಾನುಗಳನ್ನು ಹೊರಡಿಸುತ್ತದೆ ಎಂಬುದನ್ನು ಐನ್‌ಸ್ಟೈನ್ 1905ರಲ್ಲಿ ವಿವರಿಸಿದರು. ಕ್ಯಾಮರಾದ ಸಂವೇದಕದಲ್ಲಿ, ಅಂದರೆ ಸೆನ್ಸರಿನಲ್ಲಿ, ಸಿಲಿಕಾನಿನ ಕೋಟ್ಯಂತರ ಸಣ್ಣ ಕೋಶಗಳಿವೆ, ಇವೇ ಪಿಕ್ಸೆಲುಗಳು. ಹತ್ತು ಲಕ್ಷ ಪಿಕ್ಸೆಲುಗಳು ಸೇರಿದರೆ ಒಂದು ಮೆಗಾಪಿಕ್ಸೆಲ್. ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕಿಗೆ ಅನುಗುಣವಾಗಿ ಇಲೆಕ್ಟ್ರಾನುಗಳನ್ನು ಕೂಡಿಡುತ್ತದೆ. ಆ ಲೆಕ್ಕವೇ ಚಿತ್ರವಾಗುತ್ತದೆ.

ಇಂತಹ ಎಣಿಕೆಯಲ್ಲಿ ಪ್ರಕೃತಿಯೇ ವಿಧಿಸಿದ ಒಂದು ಮಿತಿಯುಂಟು. ಪದವಿ ತರಗತಿಯಲ್ಲಿ ಗೈಗರ್ ಗಣಕದ ಪ್ರಯೋಗವನ್ನು ಮಾಡಿದವರಿಗೆ ಇದು ಪರಿಚಿತವಾದದ್ದೇ. ವಿಕಿರಣದ ಅದೇ ಆಕರವನ್ನು ಅದೇ ದೂರದಲ್ಲಿಟ್ಟು ಹತ್ತು ಹತ್ತು ಸೆಕೆಂಡುಗಳ ಕಾಲ ಎಣಿಸಿದರೆ, ಒಮ್ಮೆ 96, ಒಮ್ಮೆ 109, ಮತ್ತೊಮ್ಮೆ 91 ಎಂಬಂತೆ ಲೆಕ್ಕ ಓಲಾಡುತ್ತದೆ. ಸರಾಸರಿ 100 ಇದ್ದಾಗ ಓಲಾಟ ಸುಮಾರು 10. ಸರಾಸರಿ 10,000 ಇದ್ದಾಗ ಓಲಾಟ ಸುಮಾರು 100. ಅಂದರೆ ಓಲಾಟವು ಎಣಿಕೆಯ ವರ್ಗಮೂಲದಷ್ಟು. ಮೊದಲನೆಯದರಲ್ಲಿ ತಪ್ಪು ನೂರಕ್ಕೆ ಹತ್ತು. ಎರಡನೆಯದರಲ್ಲಿ ನೂರಕ್ಕೆ ಒಂದು ಮಾತ್ರ.

ಫೋಟಾನುಗಳ ಎಣಿಕೆಗೂ ಇದೇ ನಿಯಮ ಅನ್ವಯಿಸುತ್ತದೆ. ಒಂದೇ ಬಣ್ಣದ ಗೋಡೆಯ ಚಿತ್ರದಲ್ಲಿ ಅಕ್ಕಪಕ್ಕದ ಪಿಕ್ಸೆಲುಗಳ ಎಣಿಕೆ ಹೀಗೆ ಓಲಾಡಿದಾಗ ನಮಗೆ ಕಾಣುವುದೇ ಆ ಮರಳು. ಅದನ್ನು ಕಡಮೆ ಮಾಡಲು ಮೂಲದಲ್ಲಿ ಇರುವುದು ಒಂದೇ ಉಪಾಯ: ಹೆಚ್ಚು ಫೋಟಾನುಗಳನ್ನು ಹಿಡಿಯಬೇಕು. ಉಳಿದ ಉಪಾಯಗಳೆಲ್ಲ ಮರಳನ್ನು ಒರೆಸುವ ನೆಪದಲ್ಲಿ ಚಿತ್ರದ ಸೂಕ್ಷ್ಮ ವಿವರಗಳನ್ನೂ ಸ್ವಲ್ಪ ಒರೆಸುತ್ತವೆ.

ಹದಿನಾಲ್ಕರಿಂದ ಹತ್ತಕ್ಕೆ

ಹಾಗಾದರೆ ಪಿಕ್ಸೆಲುಗಳನ್ನು ಹೆಚ್ಚಿಸುವುದರಿಂದ ಲಾಭವಿಲ್ಲವೇ? ಒಂದು ಮಿತಿಯವರೆಗೆ ಇದೆ. ಆ ಮಿತಿಯನ್ನು ತಯಾರಕರೇ ಒಪ್ಪಿಕೊಂಡ ಪ್ರಸಂಗವೊಂದುಂಟು. ಕ್ಯಾನನ್ ಸಂಸ್ಥೆಯು 2008ರಲ್ಲಿ ಮಾರುಕಟ್ಟೆಗೆ ತಂದ ಜಿ10 ಎಂಬ ಉನ್ನತ ದರ್ಜೆಯ ಕಿಸೆಯ ಕ್ಯಾಮರಾದಲ್ಲಿ 14.7 ಮೆಗಾಪಿಕ್ಸೆಲುಗಳಿದ್ದುವು. ಸಂವೇದಕದ ವಿಸ್ತಾರ ಸುಮಾರು 7.6 ಮಿ.ಮೀ. ಉದ್ದ, 5.7 ಮಿ.ಮೀ. ಅಗಲ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಮರುವರ್ಷ, 2009ರಲ್ಲಿ, ಅದರ ಉತ್ತರಾಧಿಕಾರಿಯಾಗಿ ಬಂದ ಜಿ11ರಲ್ಲಿ ಸಂವೇದಕದ ಗಾತ್ರ ಹೆಚ್ಚುಕಡಮೆ ಅಷ್ಟೇ. ಆದರೆ ಪಿಕ್ಸೆಲುಗಳು 10 ಮೆಗಾ ಮಾತ್ರ. ಪ್ರತಿವರ್ಷವೂ ಅಂಕಿಯನ್ನು ಏರಿಸುತ್ತಲೇ ಬಂದಿದ್ದ ಉದ್ಯಮದಲ್ಲಿ ಅಂಕಿಯೊಂದನ್ನು ತಾನಾಗಿ ಇಳಿಸಿದ್ದು ಸಣ್ಣ ಮಾತಲ್ಲ. ಮಂದ ಬೆಳಕಿನಲ್ಲಿ ಚಿತ್ರ ಶುದ್ಧವಾಗಿರಬೇಕೆಂಬುದೇ ಅದರ ಗುರಿಯಾಗಿತ್ತು.

ನ್ಯಾಯವಾಗಿ ಹೇಳುವುದಾದರೆ, ಸಂವೇದಕವನ್ನು ಹೆಚ್ಚು ತುಂಡುಗಳಾಗಿ ಕತ್ತರಿಸಿದ ಮಾತ್ರಕ್ಕೆ ಅದರ ಮೇಲೆ ಬೀಳುವ ಒಟ್ಟು ಬೆಳಕು ಕಡಮೆಯಾಗುವುದಿಲ್ಲ. ಆದರೆ ಹೆಚ್ಚೂ ಆಗುವುದಿಲ್ಲ. ಪ್ರತಿ ಕೋಶವನ್ನೂ ಓದುವಾಗ ವಿದ್ಯುನ್ಮಂಡಲವು ಸೇರಿಸುವ ಸಣ್ಣ ತಪ್ಪು ಮಾತ್ರ ಕೋಶಗಳ ಸಂಖ್ಯೆಯೊಡನೆ ಬೆಳೆಯುತ್ತದೆ.

ಇದರ ಜೊತೆಗೆ ಬೆಳಕಿನ ವಿವರ್ತನೆಯೂ ಅಡ್ಡ ಬರುತ್ತದೆ. ಎಷ್ಟೇ ಉತ್ತಮವಾದ ಮಸೂರವಾದರೂ ನಕ್ಷತ್ರದಂತಹ ಬಿಂದುವನ್ನು ಬಿಂದುವಾಗಿ ಮೂಡಿಸಲಾರದು. ಸಣ್ಣದೊಂದು ಬಿಲ್ಲೆಯಾಗಿ ಮೂಡಿಸುತ್ತದೆ. ಹಸುರು ಬೆಳಕಿನಲ್ಲಿ, ಎಫ್/2.8ರ ದ್ವಾರದಲ್ಲಿ, ಈ ಬಿಲ್ಲೆಯ ವ್ಯಾಸ ಸುಮಾರು 3.8 ಮೈಕ್ರಾನ್, ಎಫ್/8ರಲ್ಲಿ ಸುಮಾರು 10.7 ಮೈಕ್ರಾನ್. (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.) ಜಿ10ರ ಪಿಕ್ಸೆಲಿನ ಅಗಲ 1.7 ಮೈಕ್ರಾನ್. ಬಿಲ್ಲೆಯೇ ಆರು ಪಿಕ್ಸೆಲುಗಳಷ್ಟು ಅಗಲವಾಗಿರುವಾಗ ಪಿಕ್ಸೆಲುಗಳನ್ನು ಇನ್ನಷ್ಟು ಒತ್ತೊತ್ತಾಗಿ ಜೋಡಿಸಿ ಫಲವೇನು? ನುಣ್ಣನೆಯ ಕಾಗದದ ಮೇಲೆ ದಪ್ಪ ಕುಂಚದಿಂದ ಬರೆದಂತೆ ಅಷ್ಟೆ.

ಅಂಗುಲವಲ್ಲದ ಅಂಗುಲ

2012ರಲ್ಲಿ ಸೋನಿ ಸಂಸ್ಥೆಯು ಆರ್‌ಎಕ್ಸ್100 ಎಂಬ ಕ್ಯಾಮರಾವನ್ನು ಹೊರತಂದು ಈ ವರ್ಗದ ಸ್ಪರ್ಧೆಯ ಸ್ವರೂಪವನ್ನೇ ಬದಲಾಯಿಸಿತು. ಅಂಗಿಯ ಕಿಸೆಯಲ್ಲಿ ಹಿಡಿಸುವ, 240 ಗ್ರಾಂ ತೂಕದ ಈ ಉಪಕರಣದಲ್ಲಿ ‘ಒಂದು ಅಂಗುಲ’ದ ಸಂವೇದಕವಿದೆ ಎಂದು ಎಲ್ಲರೂ ಹೊಗಳಿದರು. ಹೊಗಳಿಕೆ ಯೋಗ್ಯವಾದದ್ದೇ. ಆದರೆ ಅಂಗುಲ ಎಲ್ಲಿದೆ? ಸಂವೇದಕದ ಉದ್ದ 13.2 ಮಿ.ಮೀ., ಅಗಲ 8.8 ಮಿ.ಮೀ. ಮೂಲೆಯಿಂದ ಮೂಲೆಗೆ ಅಳೆದರೂ ಸುಮಾರು 15.9 ಮಿ.ಮೀ. ಅಂಗುಲವೆಂದರೆ 25.4 ಮಿ.ಮೀ. ಎಂಬುದನ್ನು ಶಾಲೆಯ ಹುಡುಗರೂ ಬಲ್ಲರು.

ಈ ಅಂಗುಲ ಬಂದದ್ದು 1950ರ ದಶಕದ ಟೆಲಿವಿಷನ್ ಕ್ಯಾಮರಾಗಳಿಂದ. ಅವುಗಳಲ್ಲಿ ‘ವಿಡಿಕಾನ್’ ಎಂಬ ಗಾಜಿನ ಕೊಳವೆಯಿರುತ್ತಿತ್ತು. ಕೊಳವೆಯ ಹೊರವ್ಯಾಸ ಒಂದು ಅಂಗುಲವಾದರೆ, ಅದರೊಳಗೆ ಬಿಂಬಕ್ಕೆ ಒದಗುತ್ತಿದ್ದ ಸ್ಥಳದ ಕರ್ಣ ಸುಮಾರು 16 ಮಿ.ಮೀ. ಮಾತ್ರ. ಕೊಳವೆ ಹೋಯಿತು, ಗಾಜು ಹೋಯಿತು. ಅದರ ಹೊರವ್ಯಾಸದ ಹೆಸರು ಮಾತ್ರ ಉಳಿಯಿತು. ತೆಂಗಿನಕಾಯಿಯನ್ನು ಸಿಪ್ಪೆಸಹಿತವಾಗಿ ತೂಗಿ ಕೊಬ್ಬರಿಯ ಬೆಲೆ ಕೇಳಿದಂತಾಯಿತು ಇದು. ಚಿಕ್ಕ ಕ್ಯಾಮರಾಗಳ ‘1/1.7 ಅಂಗುಲ’, ‘1/2.3 ಅಂಗುಲ’ ಎಂಬ ಭಿನ್ನರಾಶಿಗಳ ಗತಿಯೂ ಇದೇ. ಮಿಲಿಮೀಟರಿನಲ್ಲಿ ಹೇಳಿದರೆ ಮಾತ್ರ ತಾರತಮ್ಯ ಕಣ್ಣಿಗೆ ಕಟ್ಟುತ್ತದೆ: 1/2.3 ಅಂಗುಲದ್ದು ಸುಮಾರು 28 ಚದರ ಮಿ.ಮೀ.; 1/1.7 ಅಂಗುಲದ್ದು 43, ‘ಒಂದು ಅಂಗುಲ’ದ್ದು 116, ಎಪಿಎಸ್-ಸಿ ಎಂದು ಕರೆಯುವ ಇನ್ನೂ ದೊಡ್ಡದು ಸುಮಾರು 370. ನಾನು ಶಿಫಾರಸು ಮಾಡಿದ ಕ್ಯಾಮರಾದಲ್ಲಿ ಇದ್ದದ್ದು ಇವುಗಳಲ್ಲಿ ಅತ್ಯಂತ ಚಿಕ್ಕದು.

ಬೆಳಕಿನ ಬಾಗಿಲು

ಸಂವೇದಕದ ವಿಸ್ತಾರವೂ ಪೂರ್ಣ ಉತ್ತರವಲ್ಲ. ಎರಡು ಕ್ಯಾಮರಾಗಳು ಒಂದೇ ಸ್ಥಳದಿಂದ, ಒಂದೇ ದೃಶ್ಯವನ್ನು, ಒಂದೇ ನೋಟದ ಕೋನದಲ್ಲಿ, ಒಂದೇ ಕಾಲಾವಧಿಯಲ್ಲಿ ಚಿತ್ರಿಸುತ್ತವೆ ಎಂದುಕೊಳ್ಳೋಣ. ಆಗ ದೃಶ್ಯದಿಂದ ಎಷ್ಟು ಬೆಳಕು ಒಳಕ್ಕೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಮಸೂರದ ಪ್ರವೇಶದ್ವಾರದ ವಿಸ್ತಾರ. ದೂರದರ್ಶಕದ ಶಕ್ತಿಯನ್ನು ಅದರ ಬಾಯಿಯ ವ್ಯಾಸದಿಂದ ಹೇಳುವ ಪದ್ಧತಿ ಖಗೋಳಶಾಸ್ತ್ರಜ್ಞರಲ್ಲಿ ಬಹು ಹಿಂದಿನಿಂದ ಇದೆ. ಕ್ಯಾಮರಾಕ್ಕೂ ನ್ಯಾಯ ಅದೇ.

ಈ ವ್ಯಾಸವನ್ನು ಕಂಡುಹಿಡಿಯುವುದು ಸುಲಭ. ಮಸೂರದ ಬಳೆಯ ಮೇಲೆ ಎರಡು ಬಗೆಯ ಅಂಕಿಗಳಿರುತ್ತವೆ: ಸಂಗಮದೂರ ಮತ್ತು ಎಫ್-ಸಂಖ್ಯೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದ್ವಾರದ ವ್ಯಾಸ ಬರುತ್ತದೆ. ಆದರೆ ಒಂದು ಎಚ್ಚರ ಅಗತ್ಯ. ಜಾಹೀರಾತಿನಲ್ಲಿ ‘28ರಿಂದ 100 ಮಿ.ಮೀ., ಎಫ್/1.8’ ಎಂದು ಬರೆದಿದ್ದರೆ, ಆ 28 ನಿಜವಾದ ಸಂಗಮದೂರವಲ್ಲ. 1925ರಲ್ಲಿ ಬಂದ ಲೈಕಾ ಜನಪ್ರಿಯಗೊಳಿಸಿದ 24×36 ಮಿ.ಮೀ. ಫಿಲ್ಮಿಗೆ ಹೋಲಿಸಿ ಹೇಳಿದ ಅಂಕಿ. ಎಫ್-ಸಂಖ್ಯೆ ಮಾತ್ರ ನಿಜವಾದದ್ದು. ಒಂದನ್ನು ಹಿಗ್ಗಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಅಕ್ಕಪಕ್ಕ ಇಡುವುದರಿಂದ ಕೊಳ್ಳುವವರಿಗೆ ಭ್ರಮೆ ಉಂಟಾಗುತ್ತದೆ. ಬಳೆಯ ಮೇಲಿನ ಅಂಕಿಗಳಾದರೋ ಸುಳ್ಳು ಹೇಳುವುದಿಲ್ಲ.

ಸೋನಿ ಆರ್‌ಎಕ್ಸ್100ರ ಬಳೆಯಲ್ಲಿ 10.4ರಿಂದ 37.1 ಮಿ.ಮೀ., ಎಫ್/1.8ರಿಂದ 4.9 ಎಂದಿದೆ. ವಿಶಾಲನೋಟದಲ್ಲಿ ದ್ವಾರದ ವ್ಯಾಸ 5.8 ಮಿ.ಮೀ.; ದೂರದ ವಸ್ತುವನ್ನು ಹತ್ತಿರಕ್ಕೆ ತರುವ ತುದಿಯಲ್ಲಿ 7.6 ಮಿ.ಮೀ. ಅದಕ್ಕೆ ಪ್ರತಿಸ್ಪರ್ಧಿಯಾಗಿ ಕ್ಯಾನನ್ 2014ರಲ್ಲಿ ತಂದ ಜಿ7 ಎಕ್ಸ್‌ನಲ್ಲಿ ಸಂವೇದಕದ ಗಾತ್ರವೂ ಪಿಕ್ಸೆಲುಗಳ ಸಂಖ್ಯೆಯೂ ಸೋನಿಯಷ್ಟೇ. ಪೆಟ್ಟಿಗೆಯ ದೊಡ್ಡ ಅಂಕಿಗಳನ್ನು ನೋಡಿದರೆ ಇಬ್ಬರೂ ಸಮಾನರು. ಆದರೆ ಇದರ ಬಳೆಯಲ್ಲಿ 8.8ರಿಂದ 36.8 ಮಿ.ಮೀ., ಎಫ್/1.8ರಿಂದ 2.8 ಎಂದಿದೆ. ದೂರದ ತುದಿಯಲ್ಲಿ ದ್ವಾರದ ವ್ಯಾಸ 13.1 ಮಿ.ಮೀ.! ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳಕು ಬರುವುದರಿಂದ, ವೇದಿಕೆಯ ಮೇಲಿನ ನರ್ತಕಿಯ ಮುಖವನ್ನು ಸಭಾಂಗಣದಿಂದ ಚಿತ್ರಿಸುವಾಗ ಕ್ಯಾನನ್ ಸುಮಾರು ಮೂರುಪಟ್ಟು ಬೆಳಕನ್ನು ಹಿಡಿಯುತ್ತದೆ. ಇದಕ್ಕೆ ತೆರುವ ಸುಂಕವೂ ಉಂಟು: ದಪ್ಪ 35.9ರಿಂದ 40.4 ಮಿ.ಮೀ.ಗೆ, ತೂಕ 304 ಗ್ರಾಂಗೆ ಏರಿದೆ. ಸೋನಿಯು ಅದೇ ವರ್ಷ ತಂದ ತನ್ನ ಮೂರನೆಯ ಆವೃತ್ತಿಯಲ್ಲಿ ಬೇರೊಂದು ಒಪ್ಪಂದಕ್ಕೆ ಬಂದಿತು. ಅಲ್ಲಿ ಸಂಗಮದೂರ 25.7 ಮಿ.ಮೀ.ಗೇ ನಿಲ್ಲುತ್ತದೆ, ಎಫ್/2.8 ಇದೆ, ದ್ವಾರ 9.2 ಮಿ.ಮೀ.; ಉಳಿಸಿದ ಸ್ಥಳದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೊಂದನ್ನು ಅಳವಡಿಸಿದರು.

ದೊಡ್ಡ ಸಂವೇದಕದ ಪಕ್ಷಪಾತಿಗಳನ್ನು ಅಚ್ಚರಿಗೊಳಿಸುವ ಹೋಲಿಕೆ ಇನ್ನೊಂದಿದೆ. 2013ರ ರಿಕೋ ಜಿಆರ್‌ನಲ್ಲಿ ಸಂವೇದಕದ ವಿಸ್ತಾರ ಆರ್‌ಎಕ್ಸ್100ರದಕ್ಕಿಂತ ಮೂರುಪಟ್ಟಿಗೂ ಹೆಚ್ಚು. ಎರಡರ ವಿಶಾಲನೋಟವೂ ಒಂದೇ. ಆದರೆ ರಿಕೋದ ಮಸೂರ 18.3 ಮಿ.ಮೀ., ಎಫ್/2.8, ದ್ವಾರ 6.5 ಮಿ.ಮೀ. ಅಂದರೆ ಮಂದ ಬೆಳಕಿನಲ್ಲಿ ಅದು ಸೋನಿಗಿಂತ ಹೆಚ್ಚಾಗಿ ಹಿಡಿಯುವ ಬೆಳಕು ನೂರಕ್ಕೆ ಸುಮಾರು 28 ಮಾತ್ರ, ಮೂರುಪಟ್ಟಲ್ಲ. ದೊಡ್ಡ ಸಂವೇದಕದ ಮೇಲ್ಮೆ ಕಾಣುವುದು ಹಗಲಿನಲ್ಲಿ. ಬೆಳಕು ಯಥೇಚ್ಛವಾಗಿದ್ದಾಗ ದೊಡ್ಡ ಕಣಜದಲ್ಲಿ ಹೆಚ್ಚು ಕಾಳು ಹಿಡಿಸುವಂತೆ, ತುಂಬಿ ತುಳುಕುವ ಮೊದಲು ದೊಡ್ಡ ಸಂವೇದಕವು ಹೆಚ್ಚು ಇಲೆಕ್ಟ್ರಾನುಗಳನ್ನು ಹಿಡಿದಿಡಬಲ್ಲದು. ಮೋಡವೂ ನೆರಳೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಉಳಿಯುತ್ತವೆ. ಎರಡೂ ಗುಣಗಳು ಬೇಕೆಂದವರಿಗಾಗಿ 2011ರಲ್ಲಿ ಫ್ಯೂಜಿಫಿಲ್ಮ್ ಎಕ್ಸ್100 ಬಂದಿತು: 23 ಮಿ.ಮೀ., ಎಫ್/2, ದ್ವಾರ 11.5 ಮಿ.ಮೀ. ಆದರೆ ಹತ್ತಿರಕ್ಕೂ ದೂರಕ್ಕೂ ಸರಿಸುವ ಮಸೂರ ಅದರಲ್ಲಿಲ್ಲ; ದಪ್ಪ 53.9 ಮಿ.ಮೀ.; ತೂಕ ಸುಮಾರು 445 ಗ್ರಾಂ. ಅದು ಅಂಗಿಯ ಕಿಸೆಯನ್ನು ಬಿಟ್ಟು ಕೋಟಿನ ಕಿಸೆಯನ್ನು ಸೇರಿತು.

ಹೀಗೆ ಕಿಸೆಗೆ ಹಿಡಿಸುವುದು, ಬೆಳಕನ್ನು ಹಿಡಿಯುವುದು, ದೂರವನ್ನು ಹತ್ತಿರಕ್ಕೆ ತರುವುದು, ಈ ಮೂರರಲ್ಲಿ ಎರಡನ್ನು ಚೆನ್ನಾಗಿ ಸಾಧಿಸಿದವರು ಮೂರನೆಯದರಲ್ಲಿ ಸೋಲಲೇಬೇಕು. ಯಾವ ಕ್ಯಾಮರಾ ಶ್ರೇಷ್ಠ ಎಂಬ ಜಗಳಕ್ಕೆ ಕೊನೆಯಿಲ್ಲದಿರುವುದೂ ಇದರಿಂದಲೇ.

ದೂರವಾಣಿಯ ಸ್ಪರ್ಧೆ

ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ದೂರವಾಣಿಯಿರುವಾಗ ಈ ಚರ್ಚೆಯೇ ಏಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ಸಹಜವಾದದ್ದು. 2010ರಲ್ಲಿ ಎಲ್ಲ ಬಗೆಗಳೂ ಸೇರಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮರಾಗಳು ಮಾರುಕಟ್ಟೆಗೆ ಹೋದವು; 2020ರ ವೇಳೆಗೆ ಆ ಸಂಖ್ಯೆ ಒಂದು ಕೋಟಿಗಿಂತಲೂ ಕೆಳಗಿಳಿಯಿತು. ಇಳಿದದ್ದು ಮುಖ್ಯವಾಗಿ ಅಗ್ಗದ ಸಣ್ಣ ಕ್ಯಾಮರಾಗಳ ಸಂಖ್ಯೆ. ದೂರವಾಣಿಗಳು ಹಲವು ಚಿತ್ರಗಳನ್ನು ಕ್ಷಿಪ್ರವಾಗಿ ತೆಗೆದು, ಒಂದರ ಮೇಲೊಂದನ್ನು ಇಟ್ಟು ಕೂಡಿಸಿ, ಫೋಟಾನುಗಳ ಎಣಿಕೆಯನ್ನು ಕಾಲದ ಮೂಲಕ ಹೆಚ್ಚಿಸಿಕೊಳ್ಳುತ್ತವೆ. ಇದು ನಿಜವಾಗಿಯೂ ಜಾಣತನ. 2022ರಲ್ಲಿ ಬಂದ ಶಓಮಿ 12ಎಸ್ ಅಲ್ಟ್ರಾ ಎಂಬ ದೂರವಾಣಿಯಲ್ಲಂತೂ ‘ಒಂದು ಅಂಗುಲ’ ವರ್ಗದ ಸಂವೇದಕವೇ ಇದೆ. ಅದರ ದ್ವಾರ ಸುಮಾರು 4.5 ಮಿ.ಮೀ. ಜಿ7 ಎಕ್ಸ್‌ನ ವಿಶಾಲನೋಟದ ದ್ವಾರ 4.9 ಮಿ.ಮೀ. ಎಂಬುದನ್ನು ನೆನೆದರೆ, ವಿಶಾಲನೋಟದಲ್ಲಿ ಕಿಸೆಯ ಕ್ಯಾಮರಾ ತನ್ನ ಮುಂದಾಳ್ತನವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ ಎಂದು ಒಪ್ಪಲೇಬೇಕು.

ಆದರೆ ಬೀಳುವ ಗುಂಡು, ಓಡುವ ಮಗು, ಕುಣಿಯುವ ಕಲಾವಿದ ಇವರಾರೂ ಹಲವು ಚಿತ್ರಗಳು ಕೂಡುವವರೆಗೆ ನಿಲ್ಲುವುದಿಲ್ಲ. ದೂರದ ವಸ್ತುವಿಗೆ ಬೇಕಾದ 13 ಮಿ.ಮೀ. ದ್ವಾರವನ್ನು ದೂರವಾಣಿಯ ತೆಳ್ಳನೆಯ ಒಡಲಲ್ಲಿ ಅಡಗಿಸುವುದೂ ಬಹು ಕಷ್ಟ. ಅಲ್ಲಿ ಇಂದಿಗೂ ಕ್ಯಾಮರಾಕ್ಕೆ ಕೆಲಸವುಂಟು.

ನನ್ನ ಅಭಿಪ್ರಾಯ

ದ್ವಾರದ ವ್ಯಾಸವೊಂದೇ ಸರ್ವಸ್ವವೆಂದು ನಾನು ಹೇಳುತ್ತಿಲ್ಲ. ಮಸೂರದ ತೀಕ್ಷ್ಣತೆ, ಬಿಂಬವನ್ನು ಸ್ಫುಟಗೊಳಿಸುವ ವೇಗ, ಕೈಗೆ ಒಗ್ಗುವಿಕೆ ಇವುಗಳನ್ನು ಆ ಒಂದು ಅಂಕಿಯಲ್ಲಿ ಹೇಳಲಾಗದು. ಚಿತ್ರದ ಒಂದು ಭಾಗವನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡುವವರಿಗೆ ಪಿಕ್ಸೆಲುಗಳು ಬೇಕೇ ಬೇಕು. 2024ರ ಎಕ್ಸ್100ರ ಆರನೆಯ ಆವೃತ್ತಿಯಲ್ಲಿರುವ 40 ಮೆಗಾಪಿಕ್ಸೆಲುಗಳಿಗೆ ಈ ಸಮರ್ಥನೆಯುಂಟು. ಆದರೆ ಅಂಕಿಯನ್ನು ಮುದ್ರಿಸುವುದೇ ಆದರೆ ಅರ್ಥವುಳ್ಳ ಅಂಕಿಯನ್ನು ಮುದ್ರಿಸಬೇಕು.

ನಮ್ಮ ದೇಶ 1956ರ ಶಾಸನದಿಂದ ಸೇರು, ಮಣ, ಗಜಗಳನ್ನು ಕೈಬಿಟ್ಟು ಮೆಟ್ರಿಕ್ ಪದ್ಧತಿಯ ಕಡೆಗೆ ತಿರುಗಿತು. ಊರಿಗೊಂದು ಸೇರು, ಸಂತೆಗೊಂದು ಮಣ ಇದ್ದ ಕಾಲದಲ್ಲಿ ಮೋಸಹೋಗುತ್ತಿದ್ದವನು ಬಡ ಗಿರಾಕಿಯೇ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಆಶಯವೂ ಕೊಳ್ಳುವವರಿಗೆ ನಿಜವಾದ ಅಳತೆ ತಿಳಿಯಬೇಕೆಂಬುದೇ. ಬಿಸ್ಕತ್ತಿನ ಪೊಟ್ಟಣದ ಮೇಲೆ ಗ್ರಾಂಗಳನ್ನು ಕೇಳುವ ನಾವು, ಹಲವು ಸಾವಿರ ರೂಪಾಯಿಗಳ ಉಪಕರಣದ ಮೇಲೆ 16 ಮಿ.ಮೀ.ನ ‘ಅಂಗುಲ’ವನ್ನು ಏಕೆ ಒಪ್ಪಬೇಕು? ಸಂವೇದಕದ ಉದ್ದಗಲಗಳನ್ನು ಮಿಲಿಮೀಟರಿನಲ್ಲಿಯೂ, ದ್ವಾರದ ವ್ಯಾಸವನ್ನು ಮಸೂರದ ಎರಡು ತುದಿಗಳಲ್ಲಿಯೂ ಪೆಟ್ಟಿಗೆಯ ಮೇಲೆ ಮುದ್ರಿಸಲಿ. ಮೂರು ಸಾಲುಗಳಿಗೆ ಸಾಕಾಗುವಷ್ಟು ಸ್ಥಳ ಅಲ್ಲಿ ಧಾರಾಳವಾಗಿದೆ.

ಅದು ಆಗುವವರೆಗೆ ಓದುಗರು ಸ್ವತಃ ಈ ಭಾಗಾಕಾರವನ್ನು ಮಾಡಿಕೊಳ್ಳಬಹುದು. ನಾನು ಶಿಫಾರಸು ಮಾಡಿದ ಕ್ಯಾಮರಾದ ಬಳೆಯಲ್ಲಿ 4.6 ಮಿ.ಮೀ., ಎಫ್/3.2 ಎಂದಿತ್ತು, ದ್ವಾರ 1.4 ಮಿ.ಮೀ. ಸೋದರಮಾವನ ಹಳೆಯ ಕ್ಯಾಮರಾದಲ್ಲಿ 5.1 ಮಿ.ಮೀ., ಎಫ್/2, ದ್ವಾರ 2.55 ಮಿ.ಮೀ. ಒಳಕ್ಕೆ ಬರುವ ಬೆಳಕು ಮೂರುಪಟ್ಟು. ದರಪಟ್ಟಿಗಳು ಮೇಜಿನ ಮೇಲೆ ಬಂದ ದಿನ ಅರ್ಧ ನಿಮಿಷದ ಲೆಕ್ಕದಿಂದ ಇದು ತಿಳಿಯುತ್ತಿತ್ತು. ಆ ಕ್ಯಾಮರಾ ಇಂದಿಗೂ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದೆ. ಪ್ರತಿವರ್ಷ ಹೊಸ ತರಗತಿಗೆ ಅದನ್ನು ತೋರಿಸಿ, ಬಳೆಯ ಮೇಲಿನ ಅಂಕಿಗಳನ್ನು ಓದಿಸಿ, ಭಾಗಿಸಲು ಹೇಳುತ್ತೇನೆ. ಚಿತ್ರ ತೆಗೆಯಲು ಅಷ್ಟಾಗಿ ಒದಗದಿದ್ದರೂ ಪಾಠ ಹೇಳಲು ಅದು ಚೆನ್ನಾಗಿ ಒದಗುತ್ತಿದೆ.